ಹೆತ್ತವಳಿಗೆ ನಲವತ್ತು ದಿನ, ಗರ್ಭಕೋಶ ತೆಗೆಸಿದವಳಿಗೆ ಎಷ್ಟು?

ನಮ್ಮ ಮನೆಗಳಲ್ಲಿ ಒಬ್ಬಳು ಹೆತ್ತರೆ ನಲವತ್ತು ದಿನ ಅವಳನ್ನು ಅಡುಗೆ ಕೋಣೆಯ ಕಡೆ ಸುಳಿಯಲಿಕ್ಕೆ ಬಿಡುವುದಿಲ್ಲ. ಎಣ್ಣೆ, ಬಿಸಿನೀರು, ಮದ್ದು, ಸಾರು ಎಲ್ಲವೂ ಮಂಚದ ಬಳಿಗೇ ಬರ್ತದೆ. ಉಮ್ಮ ಇದ್ದರೆ ಉಮ್ಮ, ಇಲ್ಲದಿದ್ದರೆ ಮಾಮಿ, ಅವರೂ ಇಲ್ಲದಿದ್ದರೆ ಸಂಬಳ ಕೊಟ್ಟಾದರೂ ಒಬ್ಬರನ್ನು ಕರೆಸ್ತೇವೆ. ಬಡವರ ಮನೆಯಲ್ಲೂ ಈ ನಲವತ್ತು ದಿನಕ್ಕೆ ಹೇಗಾದರೂ ದಾರಿ ಆಗ್ತದೆ. ಇದು ಒಳ್ಳೆಯ ರೂಢಿ.

ಅದೇ ಹೆಣ್ಣು ಇಪ್ಪತ್ತು ವರ್ಷ ಕಳೆದ ಮೇಲೆ, ಆ ಮಕ್ಕಳನ್ನು ಹೊತ್ತ ಗರ್ಭಕೋಶವನ್ನೇ ತೆಗೆಸಿಕೊಂಡು ಮನೆಗೆ ಬಂದರೆ ನಾವು ಎಷ್ಟು ದಿನ ಕೊಡ್ತೇವೆ? ನಮ್ಮ ಮನೆಯ ಲೆಕ್ಕ ಹೇಳ್ತೇವೆ. ನಾವು ಕೊಟ್ಟದ್ದು ಐದು ದಿನ.

ನಾವು ಕಳ್ಳಂಬೆಳ್ಳದ ಹತ್ತಿರ, ತುಮಕೂರು-ಶಿರಾ ಹೆದ್ದಾರಿಯ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡವರು. ಊರು ಕರಾವಳಿ, ಅನ್ನ ಇಲ್ಲಿಯದು. ಈ ಕಡೆ ನಮ್ಮ ಭಾಷೆ ಆಡುವ ಮನೆಗಳು ಬೆರಳೆಣಿಕೆ. ನಮ್ಮ ಮನೆಯ ಹೆಣ್ಣುಮಗಳೊಬ್ಬರಿಗೆ ಲ್ಯಾಪ್ರೋಸ್ಕೋಪಿ ವಿಧಾನದಲ್ಲಿ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಅವರ ಹೆಸರು ಇಲ್ಲಿ ಬೇಡ. ಆದರೆ ಬರೆಯಿರಿ ಅಂತ ಹೇಳಿದ್ದು ಅವರೇ. "ನನಗೆ ಆದದ್ದು ಆಯ್ತು, ಬೇರೆಯವರಿಗಾದ್ರೂ ಗೊತ್ತಾಗ್ಲಿ" ಅಂದರು.

ಮೂರನೇ ದಿನ ಆಸ್ಪತ್ರೆಯಿಂದ ಬಿಟ್ಟರು. ಹೊಟ್ಟೆಯ ಮೇಲೆ ನೋಡಿದರೆ ನಾಲ್ಕು ಸಣ್ಣ ಪಟ್ಟಿ, ಅಷ್ಟೆ. ಮನೆಯವರಿಗೆಲ್ಲ ನಿಟ್ಟುಸಿರು. ಎಂಟನೇ ದಿನ ಊರಿಂದ ನೆಂಟರು ನೋಡಲಿಕ್ಕೆ ಬಂದರು. ಬಂದವರಿಗೆ ಚಾ ಯಾರು ಮಾಡಬೇಕು? ಅವರೇ ಎದ್ದು ಮಾಡಿದರು. ಮಧ್ಯಾಹ್ನ ಊಟಕ್ಕೆ ನಿಂತವರಿಗೆ ಅವರೇ ಬಡಿಸಿದರು. ರೋಗಿಯನ್ನು ನೋಡಲು ಬಂದವರಿಗೆ ರೋಗಿಯೇ ಬಡಿಸಿದ್ದು ನಮ್ಮಲ್ಲಿ ಒಬ್ಬರಿಗೂ ವಿಚಿತ್ರ ಅನಿಸಲಿಲ್ಲ. ಹನ್ನೆರಡನೇ ದಿನ, ಹುಡುಗ ಬಾಗಿಲಲ್ಲಿ ಇಟ್ಟು ಹೋದ ಕುಡಿಯುವ ನೀರಿನ ಕ್ಯಾನನ್ನು ಒಳಗೆ ತಂದಿಡಲು ಎತ್ತಿದರು. ಇಪ್ಪತ್ತು ಲೀಟರ್ ಕ್ಯಾನು ಅಂದರೆ ಇಪ್ಪತ್ತು ಕೆಜಿ. ಅರ್ಧ ಗಂಟೆಯಲ್ಲಿ ರಕ್ತ ಹೋಗಲಿಕ್ಕೆ ಶುರುವಾಯಿತು. ರಾತ್ರಿ ಕಾರು ಹಿಡಿದು ಪುನಃ ಆಸ್ಪತ್ರೆಗೆ. ಅಲ್ಲಾಹನ ದಯೆ, ಮತ್ತೊಂದು ಆಪರೇಷನ್ ಬೇಕಾಗಲಿಲ್ಲ. ಆದರೆ ಎರಡು ದಿನ ಮಲಗಬೇಕಾಯಿತು. ಡಾಕ್ಟರಮ್ಮ ನಮ್ಮನ್ನು ಹೊರಗೆ ಕರೆದು ಒಂದೇ ಮಾತು ಕೇಳಿದರು: "ಇವರಿಗೆ ಮನೇಲಿ ಬೇರೆ ಯಾರೂ ಇಲ್ವಾ?"

ಇದ್ದೆವು. ಆರು ಜನ ಇದ್ದೆವು. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರಲಿಲ್ಲ. ಈ ಬರಹವೇ ಅದಕ್ಕೆ ತಡವಾದ ಉತ್ತರ ಅಂತ ಓದುಗರು ತಿಳಿಯಬಹುದು.

ನಮ್ಮನ್ನು ಮೋಸ ಮಾಡಿದ್ದು ಆ ಸಣ್ಣ ಪಟ್ಟಿಗಳು. ಹೊಟ್ಟೆ ಕೊಯ್ದರೆ ಉದ್ದದ ಹೊಲಿಗೆ ಕಾಣ್ತದೆ, ನೋಡಿದವರಿಗೆ ಭಯ ಆಗ್ತದೆ, ಮನೆಯವರು ಮಲಗಿಸ್ತಾರೆ. ಲ್ಯಾಪ್ರೋಸ್ಕೋಪಿಯಲ್ಲಿ ಹೊರಗೆ ಕಾಣುವುದು ಮೂರೋ ನಾಲ್ಕೋ ತೂತು, ಒಂದೊಂದು ಅರ್ಧದಿಂದ ಒಂದು ಸೆಂಟಿಮೀಟರ್. ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ಗಾಳಿ ತುಂಬಿ ಉಬ್ಬಿಸ್ತಾರೆ, ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಸಲಕರಣೆ ಹಾಕಿ, ಟಿವಿ ಪರದೆ ನೋಡಿಕೊಂಡು ಕೆಲಸ ಮಾಡ್ತಾರೆ. ಗರ್ಭಕೋಶವನ್ನು ಹಿಡಿದಿಟ್ಟ ಕಟ್ಟುಗಳನ್ನೂ ರಕ್ತನಾಳಗಳನ್ನೂ ಬೇರ್ಪಡಿಸಿ, ಸಾಮಾನ್ಯವಾಗಿ ಯೋನಿಯ ದಾರಿಯಿಂದಲೇ ಹೊರಗೆ ತೆಗೆದು, ಆ ದಾರಿಯ ಮೇಲ್ತುದಿಯನ್ನು ಒಳಗೇ ಹೊಲಿತಾರೆ. ಹೊಟ್ಟೆ ಕೊಯ್ದು ಮಾಡಿದರೂ ತೂತು ಹಾಕಿ ಮಾಡಿದರೂ ಒಳಗಿನ ಗಾಯ ಒಂದೇ. ಹೊರಗಿನ ತೂತು ವಾರದಲ್ಲಿ ಒಣಗ್ತದೆ. ಒಳಗಿನ ಹೊಲಿಗೆ ಗಟ್ಟಿಯಾಗಲಿಕ್ಕೆ ವಾರಗಟ್ಟಲೆ ಬೇಕು.

ಅಮೆರಿಕದ ಹ್ಯಾರಿ ರೀಚ್ ಎಂಬ ವೈದ್ಯರು ಈ ವಿಧಾನದಲ್ಲಿ ಮೊದಲ ಬಾರಿ ಗರ್ಭಕೋಶ ತೆಗೆದದ್ದು 1988ರಲ್ಲಿ. ಆಮೇಲೆ ಇದು ಲೋಕವೆಲ್ಲ ಹರಡಿತು, ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಆಗ್ತದೆ. ಇದರಿಂದ ಹೆಣ್ಣುಮಕ್ಕಳಿಗೆ ಉಪಕಾರ ಆದದ್ದು ಸುಳ್ಳಲ್ಲ. ನೋವು ಕಡಿಮೆ, ರಕ್ತ ಹೋಗುವುದು ಕಡಿಮೆ, ಆಸ್ಪತ್ರೆವಾಸ ಕಡಿಮೆ. ಆದರೆ ಆಸ್ಪತ್ರೆ ಬೇಗ ಬಿಟ್ಟಿತು ಅಂದರೆ ಗುಣ ಆಯಿತು ಅಂತ ಅರ್ಥ ಅಲ್ಲ. ಉಳಿದ ವಾಸಿಯನ್ನು ಮನೆಗೆ ಒಪ್ಪಿಸಿ ಕಳಿಸಿದರು ಅಂತ ಅರ್ಥ.

ಇನ್ನೊಂದು ಗೊಂದಲವೂ ಉಂಟು. ಹಳ್ಳಿಗಳಲ್ಲಿ "ಲ್ಯಾಪ್ರೋಸ್ಕೋಪಿ" ಅನ್ನುವ ಶಬ್ದ ಹೆಚ್ಚಿನವರಿಗೆ ಗೊತ್ತಾದದ್ದು ಕುಟುಂಬ ಯೋಜನೆಯ ಕ್ಯಾಂಪುಗಳಿಂದ. ಅಲ್ಲಿ ಬೆಳಿಗ್ಗೆ ಹೋದ ಹೆಂಗಸು ಸಂಜೆಗೆ ಮನೆಯಲ್ಲಿ ಇರ್ತಾಳೆ. ನಮ್ಮ ಪಕ್ಕದ ಮನೆಯ ಅಜ್ಜಿ ಕೂಡ "ಅಯ್ಯೋ ಬಿಡಮ್ಮ, ನಮ್ಮ ಸೊಸೆ ಮಾರನೇ ದಿನವೇ ಕಡ್ಲೇಕಾಯಿ ಬಿಡಿಸೋಕೆ ಕೂತಳು" ಅಂದರು. ಅಜ್ಜಿ ಹೇಳಿದ್ದು ಮಕ್ಕಳಾಗದ ಹಾಗೆ ನಾಳ ಕಟ್ಟುವ ಆಪರೇಷನ್. ಅದು ಬೇರೆ, ಇದು ಬೇರೆ. ಹೆಸರು ಒಂದೇ ಆದ್ದರಿಂದ ಮನೆಯವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕ್ತಾರೆ.

ಆಪರೇಷನ್ ಆದ ಮೇಲಿನ ತಪ್ಪು ಹೇಳಿದೆವು. ಅದಕ್ಕೆ ಮೊದಲಿನದ್ದನ್ನೂ ಹೇಳಬೇಕು. ಯಾಕೆಂದರೆ ಅವಸರ ಅಲ್ಲಿಂದಲೇ ಶುರುವಾಗಿತ್ತು.

ಅವರಿಗೆ ನಲವತ್ತೆರಡು ವರ್ಷ. ಎರಡು ವರ್ಷದಿಂದ ಮುಟ್ಟಿನ ಸಮಯದಲ್ಲಿ ವಿಪರೀತ ರಕ್ತ. ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಯಾರಿಗೂ ಹೇಳಿರಲಿಲ್ಲ, ಹೇಳುವ ವಿಷಯ ಅಂತ ಅವರಿಗೂ ಅನಿಸಿರಲಿಲ್ಲ. ಒಂದು ದಿನ ತಲೆ ತಿರುಗಿ ಬಿದ್ದಾಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಆಯಿತು. ಗಡ್ಡೆ ಉಂಟು, ಗರ್ಭಕೋಶ ದಪ್ಪ ಆಗಿದೆ ಅಂದರು. "ಮಕ್ಕಳು ಆಗಿದೆಯಲ್ಲ, ಇನ್ನು ಅದು ಯಾಕೆ? ತೆಗೆಸಿಬಿಡಿ. ಇಟ್ಟುಕೊಂಡ್ರೆ ಮುಂದೆ ಕ್ಯಾನ್ಸರ್ ಆದೀತು. ನಾಳಿದ್ದೇ ಮಾಡೋಣ" ಅಂತ ಹೇಳಿದರು. ನಾವು ಗಂಡಸರು ತಲೆ ಆಡಿಸಿ ದುಡ್ಡಿನ ಮಾತು ಶುರು ಮಾಡಿದೆವು. ಅವರು ಮಾತ್ರ ಬಾಗಿಲ ಬಳಿ ನಿಂತು ಕೇಳಿದರು: "ನಾಳಿದ್ದೇ ಯಾಕೆ?"

ಆ ಒಂದು ಪ್ರಶ್ನೆ ಎಲ್ಲ ಹೆಣ್ಣುಮಕ್ಕಳೂ ಕೇಳಬೇಕಾದದ್ದು.

ಫೈಬ್ರಾಯ್ಡ್ ಅನ್ನುವ ಗಡ್ಡೆ ಬಹಳ ಸಾಮಾನ್ಯ, ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಎಷ್ಟೋ ಗಡ್ಡೆಗಳು ಯಾವ ತೊಂದರೆಯನ್ನೂ ಕೊಡದೆ ಇರ್ತವೆ, ಮುಟ್ಟು ನಿಂತ ಮೇಲೆ ಸಣ್ಣದಾಗ್ತವೆ. ಬರೀ ಬಿಳಿ ಸೆರಗು, ಬರೀ ಸೊಂಟನೋವು, ಬರೀ ಕಿಬ್ಬೊಟ್ಟೆ ನೋವು ಇಷ್ಟಕ್ಕೇ ಗರ್ಭಕೋಶ ತೆಗೆಯುವುದು ಚಿಕಿತ್ಸೆ ಅಲ್ಲ. ಮಕ್ಕಳಾದ ಮೇಲೆ ಅದು ಬೇಡದ ಅಂಗ ಅನ್ನುವ ಮಾತು ವೈದ್ಯಶಾಸ್ತ್ರದ್ದಲ್ಲ. ಕ್ಯಾನ್ಸರ್, ನಿಲ್ಲದ ರಕ್ತಸ್ರಾವ ಇಂಥ ಕೆಲವು ಸಂದರ್ಭ ಬಿಟ್ಟರೆ ಈ ಆಪರೇಷನ್ ನಾಳೆಯೇ ಆಗಬೇಕಾದದ್ದಲ್ಲ. ಯೋಚಿಸಲಿಕ್ಕೆ, ಇನ್ನೊಬ್ಬ ವೈದ್ಯರಲ್ಲಿ ಕೇಳಲಿಕ್ಕೆ ಸಮಯ ಇರ್ತದೆ.

ಈ ಅವಸರ ನಮ್ಮ ಮನೆಯೊಂದರ ಕತೆ ಅಲ್ಲ. ನಾವಿರುವ ಶಿರಾ, ಮಧುಗಿರಿ, ಪಾವಗಡ ಎಲ್ಲ ಆಂಧ್ರದ ಗಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿದವರು ಇಡೀ ದೇಶದಲ್ಲಿ ನೂರಕ್ಕೆ ಸುಮಾರು 3 ಆದರೆ, ಆಂಧ್ರಪ್ರದೇಶದಲ್ಲಿ ಸುಮಾರು 9. ನಮ್ಮ ರಾಜ್ಯವೂ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಸುಮ್ಮನೆ ಹೊಟ್ಟೆನೋವು ಅಂತ ಹೋದವರಿಗೂ ತೆಗೆದ ವಿಷಯ 2015ರ ಹೊತ್ತಿಗೆ ಹೊರಬಂತು, ಆ ಹೆಣ್ಣುಮಕ್ಕಳೇ ಬೀದಿಗೆ ಇಳಿದರು. ಅವರಲ್ಲೂ ಹಲವರಿಗೆ ಹೇಳಿದ್ದು ಇದೇ ಮಾತು: ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥದ್ದೇ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಅಂತ ಕೋರ್ಟು 2023ರ ಏಪ್ರಿಲ್‌ನಲ್ಲಿ ಹೇಳಿತು. ಕಾನೂನು ಅಷ್ಟು ದೂರ ಬಂದಿದೆ. ನಮ್ಮ ಮನೆಯ ಬಾಗಿಲವರೆಗೆ ತರಬೇಕಾದದ್ದು ನಾವು.

ಅವರ "ನಾಳಿದ್ದೇ ಯಾಕೆ"ಗೆ ಬೆಲೆ ಕೊಟ್ಟು ತುಮಕೂರಿಗೆ ಇನ್ನೊಬ್ಬ ವೈದ್ಯೆಯ ಹತ್ತಿರ ಹೋದೆವು. ಈಗಂತೂ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಇನ್ನೊಂದು ಅಭಿಪ್ರಾಯ ಕೇಳಲಿಕ್ಕೆ ದುಡ್ಡಿಲ್ಲ ಅನ್ನುವ ನೆಪವನ್ನು ಅರ್ಧಕ್ಕರ್ಧ ಕಳೆದ ಯೋಜನೆ ಅದು. ಆ ವೈದ್ಯೆ ಹಿಮೋಗ್ಲೋಬಿನ್ ನೋಡಿದರು, ಏಳರ ಹತ್ತಿರ ಇತ್ತು. ಥೈರಾಯ್ಡ್ ನೋಡಿದರು. ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಗರ್ಭಕೋಶದ ಬಾಯಿಯ ಪ್ಯಾಪ್ ಪರೀಕ್ಷೆ ಮಾಡಿದರು. ಎರಡರಲ್ಲೂ ಕ್ಯಾನ್ಸರಿನ ಸುಳಿವು ಇರಲಿಲ್ಲ. ಭಯ ಅರ್ಧ ಇಳಿಯಿತು. "ಮೊದಲು ರಕ್ತ ಏರಿಸಿಕೊಳ್ಳೋಣ, ಮಾತ್ರೆ ಕೊಡ್ತೀನಿ, ನೋಡೋಣ" ಅಂದರು.

ಆಪರೇಷನ್ ಬಿಟ್ಟು ಬೇರೆ ದಾರಿಗಳು ಇವೆ ಅಂತ ನಮಗೆ ಆಗಲೇ ಗೊತ್ತಾದದ್ದು. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಂಡು ರಕ್ತ ಕಡಿಮೆ ಮಾಡುವ ಮಾತ್ರೆ ಉಂಟು. ಹಾರ್ಮೋನು ಮಾತ್ರೆ ಉಂಟು. ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಉಂಟು, ಒಮ್ಮೆ ಇಟ್ಟರೆ ಐದು ವರ್ಷವಾದರೂ ಕೆಲಸ ಮಾಡ್ತದೆ. ಇದನ್ನು ಕಾಪರ್-ಟಿ ಅಂತ ತಿಳಿಯಬಾರದು. ಕಾಪರ್-ಟಿ ಕೆಲವರಿಗೆ ರಕ್ತ ಜಾಸ್ತಿ ಮಾಡ್ತದೆ, ಇದು ಕಡಿಮೆ ಮಾಡ್ತದೆ. ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವ ಆಪರೇಷನ್ನೂ ಉಂಟು. ಯಾರಿಗೆ ಯಾವುದು ಅಂತ ವೈದ್ಯರೇ ಹೇಳಬೇಕು. ಆದರೆ ಇಷ್ಟು ಬಾಗಿಲುಗಳು ಇವೆ ಅಂತ ಗೊತ್ತಿದ್ದರೆ ಮಾತ್ರ ನಾವು ಕೇಳಬಹುದು.

ಅವರು ಆರು ತಿಂಗಳು ನೋಡಿದರು. ಮಾತ್ರೆಯಿಂದ ಸ್ವಲ್ಪ ಕಡಿಮೆಯಾಯಿತು, ಪುನಃ ಶುರುವಾಯಿತು. ಸಾಧನ ಇಟ್ಟರು, ದೊಡ್ಡ ಗಡ್ಡೆ ಇದ್ದ ಕಾರಣ ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಕಬ್ಬಿಣದ ಇಂಜೆಕ್ಷನ್ನಿಂದ ರಕ್ತ ಹತ್ತು ದಾಟಿತ್ತು. ಆಗ ಅವರೇ ಹೇಳಿದರು, "ಇನ್ನು ಸಾಕು, ತೆಗೆಸ್ತೇನೆ." ಆರು ತಿಂಗಳ ಮೊದಲು ಏಳರ ರಕ್ತದಲ್ಲಿ ಭಯದಿಂದ ಮಲಗುವುದಕ್ಕೂ, ಈಗ ತಿಳಿದು ಮಲಗುವುದಕ್ಕೂ ಬಹಳ ವ್ಯತ್ಯಾಸ ಉಂಟು. ಹಾಗಾಗಿ ನಾವು ಈ ಆಪರೇಷನ್ನಿನ ವಿರೋಧಿಗಳಲ್ಲ. ಬೇಕಾದವರಿಗೆ ಅದು ಬಿಡುಗಡೆ. ಅವರಿಗೂ ಅದೇ ಸರಿಯಾಗಿತ್ತು.

ಆದರೂ ಅಲ್ಲಿ ನಾವೊಂದು ತಪ್ಪು ಮಾಡಿದೆವು. ಅಡ್ಮಿಟ್ ಮಾಡುವ ದಿನ ಕೌಂಟರಿನಲ್ಲಿ ಕೊಟ್ಟ ಕಾಗದಗಳಿಗೆ ನಾವೇ ಸಹಿ ಹಾಕಿಕೊಂಡು ಬಂದೆವು. ಓದಲೂ ಇಲ್ಲ, ಅವರಿಗೆ ಓದಿ ಹೇಳಲೂ ಇಲ್ಲ. ಡಾಕ್ಟರಮ್ಮ ಹಿಂದಿನ ರಾತ್ರಿ ಹಾಸಿಗೆಯ ಬಳಿ ಬಂದು, "ಅಂಡಾಶಯ ಚೆನ್ನಾಗಿದ್ದರೆ ಉಳಿಸಲಾ?" ಅಂತ ಅವರನ್ನೇ ಕೇಳಿದ ಮೇಲೆ ನಮಗೆ ಗೊತ್ತಾಯಿತು, ಕೇಳಬೇಕಾದ್ದು ಯಾರಲ್ಲಿ ಅಂತ. ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಮುಟ್ಟು ನಿಲ್ಲುವ ವಯಸ್ಸಿನ ಮೊದಲೇ ಎರಡೂ ಅಂಡಾಶಯ ತೆಗೆದರೆ ಒಮ್ಮೆಲೇ ಮುಟ್ಟು ನಿಂತ ಸ್ಥಿತಿ ಬರ್ತದೆ. ಮೈ ಬಿಸಿ ಏರುವುದು, ನಿದ್ದೆ ಇಲ್ಲದಿರುವುದು, ಮುಂದೆ ಮೂಳೆ ಸವೆಯುವುದು, ಹೃದಯಕ್ಕೂ ತೊಂದರೆ. ರೋಗ ಇದ್ದರೆ ತೆಗೆಯಲೇಬೇಕು, ಇಲ್ಲದಿದ್ದರೆ ಉಳಿಸುವ ಮಾತು ಮೊದಲೇ ಆಗಬೇಕು.

ಸಮೀರಾ ಕೊಹ್ಲಿ ಪ್ರಕರಣ ಅಂತ ಒಂದು ಉಂಟು. ದಿಲ್ಲಿಯ ಈ ಮಹಿಳೆ 1995ರಲ್ಲಿ ಕಾಯಿಲೆ ಏನೆಂದು ತಿಳಿಯಲು ಲ್ಯಾಪ್ರೋಸ್ಕೋಪಿ ಪರೀಕ್ಷೆಗೆ ಮಲಗಿದ್ದರು. ಅವರಿಗೆ ಎಚ್ಚರ ಇಲ್ಲದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. 2008ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಹೇಳಿತು: ವಯಸ್ಕಳಾದ, ಬುದ್ಧಿ ಸರಿ ಇರುವ ರೋಗಿಯ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕು, ಜೀವಕ್ಕೆ ಅಪಾಯದ ತುರ್ತು ಇಲ್ಲದಿರುವಾಗ ತಾಯಿಯ ಒಪ್ಪಿಗೆ ಅವಳ ಒಪ್ಪಿಗೆ ಆಗುವುದಿಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಸಲ್ಲುವುದಿಲ್ಲ. ಹೆತ್ತ ತಾಯಿಯ ಸಹಿಯೇ ಸಾಲದು ಅಂದ ಮೇಲೆ ಗಂಡನ, ಅಣ್ಣನ, ಮಗನ ಸಹಿಯ ಮಾತೇನು? ಆಸ್ಪತ್ರೆಯವರು ಗಂಡನ ಸಹಿ ಕೇಳಬಹುದು, ಹಾಕೋಣ. ಆದರೆ ಅದು ಅವಳ ಸಹಿಯ ಕೆಳಗೆ ಇರಲಿ, ಅದರ ಬದಲಿಗೆ ಬೇಡ.

ಆಪರೇಷನ್ ಒಪ್ಪುವ ಮೊದಲು ಕೇಳಬೇಕಾದದ್ದನ್ನು ನಮ್ಮವರು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರು. ನನಗೆ ಇರುವ ಕಾಯಿಲೆಯ ಹೆಸರೇನು? ಈಗ ಮಾಡದಿದ್ದರೆ ಏನಾಗ್ತದೆ? ಬೇರೆ ಚಿಕಿತ್ಸೆ ನೋಡಿದ್ದೇವಾ? ಕ್ಯಾನ್ಸರ್ ಇಲ್ಲ ಅಂತ ಪರೀಕ್ಷೆ ಆಗಿದೆಯಾ? ಯಾವ ಯಾವ ಅಂಗ ತೆಗೀತೀರಿ, ಯಾವುದನ್ನು ಉಳಿಸ್ತೀರಿ? ತೂತಿನಿಂದ ಆಗದಿದ್ದರೆ ಹೊಟ್ಟೆ ಕೊಯ್ತೀರಾ? ಮೂತ್ರಕೋಶಕ್ಕೆ, ಕರುಳಿಗೆ ಪೆಟ್ಟಾಗುವ ಸಂಭವ ಎಷ್ಟು? ಒಟ್ಟು ಖರ್ಚು ಎಷ್ಟು? ಈ ಚೀಟಿ ನೋಡಿ ಸಿಟ್ಟಾಗುವ ವೈದ್ಯರು ಇದ್ದರೆ ಬೇರೆ ವೈದ್ಯರನ್ನು ನೋಡುವುದು ಒಳ್ಳೆಯದು. ನಮ್ಮ ಡಾಕ್ಟರಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡು ಒಂದೊಂದಾಗಿ ಉತ್ತರ ಹೇಳಿದರು.

ಖರ್ಚಿನ ಮಾತು ಬಂದದ್ದಕ್ಕೆ ಒಂದು ವಿಷಯ. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ಖಾಸಗಿಗೆ. ನಮ್ಮವರು ಹೆಚ್ಚಾಗಿ ನೇರ ಖಾಸಗಿಗೆ ಹೋಗಿ, ಬಿಲ್ಲು ಬಂದ ಮೇಲೆ ಕಾರ್ಡು ಹುಡುಕ್ತಾರೆ. ಹಾಗೆ ಮಾಡಿ ಸಾಲಕ್ಕೆ ಬೀಳುವುದು ಬೇಡ. ಊರಿಗೇ ಹೋಗಿ ಮಾಡಿಸುವವರಿಗೆ ಮಂಗಳೂರಿನಲ್ಲಿ ಲೇಡಿಗೋಷನ್ ಆಸ್ಪತ್ರೆ ಉಂಟು, ಅದು ಸರ್ಕಾರದ್ದೇ. ಆದರೆ ಊರಿಗೆ ಹೋಗಿ ಮಾಡಿಸಿದರೆ ಆರು ವಾರ ಅಲ್ಲೇ ಉಳಿಯುವ ಲೆಕ್ಕ ಹಾಕಿಯೇ ಹೋಗಿ. ವಾರದಲ್ಲೇ ಘಾಟಿ ಹತ್ತಿಸಿ ಬಸ್ಸಿನಲ್ಲಿ ಕುಲುಕಿಸಿ ಕರೆತರಬೇಡಿ.

ಇನ್ನು ಮನೆಗೆ ಬಂದ ಮೇಲಿನ ದಿನಗಳು. ಎರಡು ಮೂರು ದಿನ ಭುಜದಲ್ಲಿ ನೋವು ಬರ್ತದೆ. ಹೊಟ್ಟೆಗೆ ಆಪರೇಷನ್ ಆದರೆ ಭುಜ ಯಾಕೆ ನೋಯ್ತದೆ ಅಂತ ಅವರು ಹೆದರಿದ್ದರು. ಅದು ಹೊಟ್ಟೆಗೆ ತುಂಬಿದ ಗಾಳಿಯಿಂದ, ತಾನಾಗಿ ಹೋಗ್ತದೆ. ಸ್ವಲ್ಪ ಕಂದು ಬಣ್ಣದ ರಕ್ತ ಕೆಲವು ವಾರ ಕಾಣಬಹುದು. ಮಲಬದ್ಧತೆ ಆಗದ ಹಾಗೆ ನೀರು, ಸೊಪ್ಪು, ಹಣ್ಣು, ರಾಗಿ ತಿನ್ನಬೇಕು, ಮುಕ್ಕುವುದು ಒಳಗಿನ ಹೊಲಿಗೆಗೆ ಒಳ್ಳೆಯದಲ್ಲ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು.

ನಲವತ್ತು ದಿನ ಕೊಡಿ ಅಂದರೆ ನಲವತ್ತು ದಿನ ಮಲಗಿಸಿಡಿ ಅಂತ ಅಲ್ಲ. ಇದು ಮುಖ್ಯ. ಮಲಗಿಯೇ ಇದ್ದರೆ ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು. ಮೊದಲ ದಿನದಿಂದಲೇ ಎದ್ದು ಕೋಣೆಯಲ್ಲಿ ನಡೆಯಬೇಕು, ದಿನದಿನಕ್ಕೆ ಸ್ವಲ್ಪ ಜಾಸ್ತಿ. ನಡೆಯಬೇಕು, ಆದರೆ ಎತ್ತಬಾರದು. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಅಕ್ಕಿ ಚೀಲ, ಒದ್ದೆ ಬಟ್ಟೆಯ ಬಕೆಟು, ಮೊಮ್ಮಗು ಕೂಡ ಆರು ವಾರ ಬೇಡ. ಬಗ್ಗಿ ನೆಲ ಒರೆಸುವುದು ಬೇಡ. ಗಂಡ ಹೆಂಡತಿಯ ಸಂಬಂಧವೂ ಕಡಿಮೆ ಅಂದರೆ ಆರು ವಾರ ಬೇಡ, ವೈದ್ಯರು ಪರೀಕ್ಷೆ ಮಾಡಿ ಹೇಳಿದ ಮೇಲೆಯೇ. ಬರೆಯಲು ಸಂಕೋಚ ಆದರೂ ಬರೆದಿದ್ದೇವೆ. ಒಳಗಿನ ಹೊಲಿಗೆ ಬಿಚ್ಚಿದರೆ ಪ್ರಾಣಕ್ಕೇ ಬರುವ ವಿಷಯ ಇದು, ಸಂಕೋಚದಿಂದ ಗಂಡಂದಿರಿಗೆ ಯಾರೂ ಹೇಳುವುದಿಲ್ಲ.

ಜ್ವರ ಬಂದರೆ, ಪ್ಯಾಡು ನೆನೆಯುವಷ್ಟು ರಕ್ತ ಹೋದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ, ಮೂತ್ರ ತಡೆಯಲಾಗದೆ ತೊಟ್ಟಿಕ್ಕುತ್ತಿದ್ದರೆ, ವಾಂತಿ ನಿಲ್ಲದೆ ಹೊಟ್ಟೆ ಉಬ್ಬಿದರೆ, ಒಂದು ಮೀನಖಂಡ ಮಾತ್ರ ಊದಿ ನೋವಾದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ತೆಗೆದ ಗರ್ಭಕೋಶವನ್ನು ಪರೀಕ್ಷೆಗೆ ಕಳಿಸಿದ ವರದಿಯನ್ನೂ ಮರೆಯದೆ ತೆಗೆದುಕೊಂಡು, ವೈದ್ಯರಿಗೆ ತೋರಿಸಿ, ಮನೆಯಲ್ಲಿ ಜೋಪಾನ ಇಡಿ.

ಮೈಯ ಗಾಯದ ಹಾಗೆ ಮನಸ್ಸಿನದ್ದೂ ಉಂಟು. ಹದಿನೈದನೇ ದಿನದ ಹೊತ್ತಿಗೆ ಅವರು ಸುಮ್ಮನೆ ಅಳುತ್ತಿದ್ದರು. ಕೇಳಿದರೆ "ಎಂತ ಇಲ್ಲ" ಅನ್ನುತ್ತಿದ್ದರು. ನೆಂಟರಲ್ಲೊಬ್ಬರು "ಇನ್ನು ಅವಳು ಹೆಂಗಸಾ?" ಅಂತ ಪಿಸುಗುಟ್ಟಿದ್ದು ಅವರ ಕಿವಿಗೆ ಬಿದ್ದಿತ್ತು. ಇಂಥ ಮಾತಿಗೆ ಹೆದರಿಯೇ ಎಷ್ಟೋ ಮನೆಗಳಲ್ಲಿ ಅಪೆಂಡಿಕ್ಸ್ ಆಪರೇಷನ್ ಅಂತ ಸುಳ್ಳು ಹೇಳ್ತಾರೆ. ಸುಳ್ಳು ಹೇಳಿದ ಮೇಲೆ ವಿಶ್ರಾಂತಿ ಕೇಳುವ ಹಾಗೂ ಇಲ್ಲ. ಗರ್ಭಕೋಶ ಹೋದರೆ ಮುಟ್ಟು ಇಲ್ಲ, ಗರ್ಭ ಇಲ್ಲ. ಅಷ್ಟೆ. ಹೆಣ್ತನ ಒಂದು ಅಂಗದಲ್ಲಿ ಇರುವುದಲ್ಲ. ಎರಡು ವರ್ಷ ರಕ್ತ ಹರಿಸಿಕೊಂಡೇ ಮನೆ ನಡೆಸಿದವರಿಗೆ ಆ ಮಾತು ಹೇಳಿದವರು ನಾಚಬೇಕು, ಅವರಲ್ಲ.

ನಮಾಝಿನ ಬಗ್ಗೆಯೂ ಅವರಿಗೆ ಚಿಂತೆ ಇತ್ತು. ಬಗ್ಗಲಾಗದವರು ಕುರ್ಚಿಯಲ್ಲಿ ಕೂತು, ಅದೂ ಆಗದಿದ್ದರೆ ಮಲಗಿ ನಿರ್ವಹಿಸುವ ಸಡಿಲಿಕೆ ದೀನಿನಲ್ಲಿಯೇ ಇದೆ. ಆಪರೇಷನ್ ಆದ ಮೇಲೆ ಕಾಣುವ ರಕ್ತ ಮುಟ್ಟಿನದ್ದೇ ಅನ್ನುವ ಸಂಶಯಕ್ಕೆ ಉಸ್ತಾದರ ಮನೆಯವರ ಮೂಲಕ ಕೇಳಿ ಉತ್ತರ ತರಿಸಿಕೊಂಡರು. ನಾಚಿಕೆ ಆಗ್ತದೆ ಅಂತ ಸಂಶಯದಲ್ಲೇ ಕೊರಗುವ ಬದಲು ಈ ದಾರಿ ಒಳ್ಳೆಯದು.

"ನಲವತ್ತು ದಿನ ಯಾರಿಗೆ ಕೊಡಲಿಕ್ಕೆ ಆಗ್ತದೆ ಮಾರಾಯ್ರೆ? ಇಲ್ಲಿ ನಮ್ಮವರು ಯಾರಿದ್ದಾರೆ? ಹೋಟೆಲು ಯಾರು ನೋಡುವುದು?" ಅಂತ ಕೇಳುವವರು ಇದ್ದಾರೆ. ಅದು ಸುಳ್ಳು ಕಷ್ಟ ಅಲ್ಲ. ಕೂಲಿಗೆ ಹೋಗುವವರ, ಬೀಡಿ ಕಟ್ಟುವವರ ಮನೆಯಲ್ಲಿ ಇನ್ನೂ ಕಷ್ಟ. ಆದರೆ ನೆರೆಯ ಕೇರಳದಲ್ಲೂ ಆಂಧ್ರದಲ್ಲೂ ಸರ್ಕಾರಿ ನೌಕರಿಯ ಹೆಂಗಸರಿಗೆ ಗರ್ಭಕೋಶ ತೆಗೆಸಿದರೆ 45 ದಿನ ವಿಶೇಷ ರಜೆ ಉಂಟು. ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳಿಗೆ ಸರ್ಕಾರವೇ 45 ದಿನ ಬೇಕು ಅಂದ ಮೇಲೆ, ಕೊಡ ಹೊರುವವಳಿಗೆ, ಒಲೆ ಮುಂದೆ ನಿಲ್ಲುವವಳಿಗೆ ಐದು ದಿನ ಸಾಕು ಅಂತ ಹೇಳಲಿಕ್ಕೆ ನಾವು ಯಾರು? ಹೆರಿಗೆಗೆ ದಾರಿ ಹುಡುಕುವ ಮನೆ ಇದಕ್ಕೂ ಹುಡುಕಬಹುದು. ಮನಸ್ಸು ಮಾಡಬೇಕು.

ನಾವು ಎರಡನೇ ಸಲ ಆಸ್ಪತ್ರೆಯಿಂದ ಬಂದ ಮೇಲೆ ಹೀಗೆ ಮಾಡಿದೆವು. ನೀರಿನ ಕ್ಯಾನು ಗಂಡಸರ ಕೆಲಸ ಅಂತ ತೀರ್ಮಾನ ಆಯಿತು, ಇವತ್ತಿಗೂ ಹಾಗೆಯೇ. ಮಧ್ಯಾಹ್ನದ ಊಟ ಹೋಟೆಲಿನಿಂದಲೇ ಮನೆಗೆ ಬಂತು. ಬಟ್ಟೆಯನ್ನು ದೊಡ್ಡ ಮಗ ಒಗೆದ. ಮಗಳನ್ನು ಕಾಲೇಜು ಬಿಡಿಸಿ ಅಡುಗೆಗೆ ನಿಲ್ಲಿಸುವ ಸಲಹೆ ಬಂತು, ಅವರು ಒಪ್ಪಲಿಲ್ಲ. ಅದು ಸರಿಯೇ. ಒಬ್ಬ ಹೆಣ್ಣಿನ ವಿಶ್ರಾಂತಿಯ ಬೆಲೆಯನ್ನು ಇನ್ನೊಬ್ಬ ಹೆಣ್ಣಿನ ಓದಿನಿಂದ ಕೊಡಬಾರದು. ಪಕ್ಕದ ಮನೆಯ ಅದೇ ಅಜ್ಜಿ ವಾರಕ್ಕೆ ಎರಡು ದಿನ ಮುದ್ದೆ, ಸೊಪ್ಪಿನ ಸಾರು ಕೊಟ್ಟು ಕಳಿಸಿದರು. ನಮ್ಮವರು ಯಾರೂ ಇಲ್ಲ ಅಂದುಕೊಂಡ ಊರಿನಲ್ಲಿ ನಮ್ಮವರು ಇದ್ದರು.

ನೋಡಲಿಕ್ಕೆ ಬರುವವರಿಗೂ ಒಂದು ಮಾತು. ಬನ್ನಿ. ಬರುವಾಗ ಊಟ ಹಿಡಿದುಕೊಂಡು ಬನ್ನಿ, ಹತ್ತು ನಿಮಿಷ ಕೂತು, ಚಾ ಬೇಡ ಅಂತ ಹೇಳಿ ಹೋಗಿ. ಹೋಗುವಾಗ ಬಾಗಿಲ ಬಳಿ ನೀರಿನ ಕ್ಯಾನು ಇದ್ದರೆ ಒಳಗೆ ಎತ್ತಿಡಿ. ಜಮಾಅತಿನವರು ಬಡ ಮನೆಯ ಆಪರೇಷನ್ನಿಗೆ ದುಡ್ಡು ಕೂಡಿಸುವುದು ನೋಡಿದ್ದೇವೆ, ಒಳ್ಳೆಯ ಕೆಲಸ. ಅದರ ಜೊತೆ ಆರು ವಾರದ ಅಡುಗೆಗೆ, ಮನೆಕೆಲಸಕ್ಕೆ ಒಬ್ಬರ ಸಂಬಳವನ್ನೂ ಆ ಲೆಕ್ಕದಲ್ಲೇ ಸೇರಿಸಿದರೆ ಆಪರೇಷನ್ ಪೂರ್ತಿ ಆಗ್ತದೆ.

ಅವರು ಈಗ ಆರಾಮ ಇದ್ದಾರೆ. ಮುಖಕ್ಕೆ ರಕ್ತ ಬಂದಿದೆ. ಸಂಜೆ ಕೆರೆ ಏರಿಯ ಮೇಲೆ ನಡೆಯಲಿಕ್ಕೆ ಹೋಗ್ತಾರೆ, ಏದುಸಿರು ಇಲ್ಲ. ಮೊನ್ನೆ ಸೊಸೆಗೆ ಹೆರಿಗೆ ಆಯಿತು. ಮನೆಯಲ್ಲಿ ನಲವತ್ತು ದಿನದ ತಯಾರಿ ನಡೆಯುತ್ತಿದ್ದಾಗ ಅವರು ನಗುತ್ತಾ ಹೇಳಿದರು, "ಇವಳಿಗೆ ಕೊಡಿ. ಮುಂದೆ ಯಾವತ್ತಾದ್ರೂ ನನ್ನ ಹಾಗೆ ಆದ್ರೆ, ಆಗ್ಲೂ ಕೊಡಿ. ಅವಳು ಕೇಳ್ಲಿಕ್ಕಿಲ್ಲ, ನೀವೇ ಕೊಡ್ಬೇಕು."